ಪೇಟೆ ಬೀದಿಯ ಮದುವೆ ಟ್ಯೂನು

ಬ್ಯಾಂಡ್ ಮೇಷ್ಟ್ರು ಬಾಗಿಲ ಮೆಟ್ಟಿಲ ಮೇಲೆ ಕೂತು ಟ್ರಂಪೆಟ್ ಉಜ್ಜುತ್ತಿದ್ದಾಗ ಭಾವಮೈದುನ ಬಂದು ಡ್ರಮ್ಮನ್ನು ದೊಪ್ಪೆಂದು ಕೆಳಗಿಟ್ಟ. ಇವತ್ತು ಊದಬೇಕಾದ ಮೆರವಣಿಗೆ ಯಾರದೆಂದು ಅವನಿಗೆ ಈಗಷ್ಟೇ ಗೊತ್ತಾಗಿತ್ತು. ಗಂಡನ್ನು ಒಲಿದ ಗಂಡಸರು, ಹೆಣ್ಣನ್ನು ಒಲಿದ ಹೆಂಗಸರು, ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುವವರು ವರ್ಷಕ್ಕೊಮ್ಮೆ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಅದು. ಅಂಥವರ ಮುಂದೆ ನಡೆದರೆ ನಾಳೆ ಮದುವೆಗೆ ನಮ್ಮನ್ನು ಯಾರು ಕರೆಯುತ್ತಾರೆ ಎಂಬುದು ಅವನ ತಕರಾರು.

ಮೇಷ್ಟ್ರಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಆದರೂ ಮಾತು ಕೊಟ್ಟಾಗಿದೆ, ಊದುವುದು, ಮನೆಗೆ ಬರುವುದು, ಉಳಿದದ್ದು ನಮಗೆ ಬೇಡ ಎಂದು ಅವನ ಬಾಯಿ ಮುಚ್ಚಿಸಿದರು.

ಮೆರವಣಿಗೆ ಪೇಟೆ ಬೀದಿಗೆ ತಿರುಗಿದ್ದೇ ಗ್ರಹಚಾರ ಶುರುವಾಯಿತು. ಅಂಗಡಿಗಳ ಬಾಗಿಲು ದಡದಡನೆ ಕೆಳಗಿಳಿದವು. ಮಹಡಿಯಿಂದ ಯಾರೋ ಪಾತ್ರೆ ತೊಳೆದ ನೀರು ಸುರಿದರು. ಬಾಯಿಗೆ ಬಂದ ಬೈಗುಳ ಬೀದಿಯ ಎರಡೂ ಬದಿಯಿಂದ ಬಂತು. ತಮ್ಮ ಮಗಳ ಮದುವೆಯಲ್ಲಿ ಮೇಷ್ಟ್ರ ಹೆಗಲ ಮೇಲೆ ಕೈಹಾಕಿ ಕುಣಿದಿದ್ದ ಬಟ್ಟೆ ಅಂಗಡಿ ಸಾಹುಕಾರರು ಇವರನ್ನೇ ದಿಟ್ಟಿಸಿ ಕ್ಯಾಕರಿಸಿ ಉಗಿದರು. ಅಷ್ಟರಲ್ಲಿ ಒಂದು ಕೊಳೆತ ಟೊಮೆಟೊ ಮೇಷ್ಟ್ರ ಬಿಳಿ ಕೋಟಿನ ಎದೆಗೆ ಪಚ್ಚನೆ ಬಡಿಯಿತು. ಮೀಸೆ ಚಿಗುರುವ ಮೊದಲಿನಿಂದ ಊದಿದ ಬೀದಿ. ಇಲ್ಲಿ ಅವರ ಮೇಲೆ ಹೂವು ಬಿದ್ದಿತ್ತು, ಉಗುಳು ಬಿದ್ದಿರಲಿಲ್ಲ.

"ಭಾವ, ನಾವು ಬರೀ ಬ್ಯಾಂಡಿನವರು ಅಂತ ಹೇಳ್ಬಿಡಿ. ಬಿಟ್ಬಿಡ್ತಾರೆ," ಎಂದ ಭಾವಮೈದುನ.

ಮೇಷ್ಟ್ರು ಕೈಯೆತ್ತಿ ಹಾಗೇ ಕೂಗಿ ಹೇಳಿದರು. ಹಾಗಾದರೆ ಅವರನ್ನು ಬಿಟ್ಟು ಈಚೆ ಬನ್ನಿ ಎಂದು ಸಾಹುಕಾರರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಜಾಗ ಬಿಟ್ಟರು. ಡ್ರಮ್ಮಿನವರು ಒಬ್ಬೊಬ್ಬರಾಗಿ ಅತ್ತ ಸರಿದರು. ಭಾವಮೈದುನನೂ ಹೋದ.

ಮೇಷ್ಟ್ರು ಹೊರಡಬೇಕೆನ್ನುವಾಗ ಹಿಂದಿದ್ದ ಮೆರವಣಿಗೆಯಿಂದ ಒಬ್ಬ ಮುದುಕಿ ಬಂದು ತನ್ನ ಶಾಲಿನಿಂದ ಅವರ ಕೋಟು ಒರೆಸತೊಡಗಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಂತೆ. ಮೇಷ್ಟ್ರಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇಷ್ಟು ಉಗಿಸಿಕೊಳ್ಳೋಕೆ ಬೀದಿಗೆ ಯಾಕಮ್ಮ ಬರ್ತೀರಿ? ಮನೆಯೊಳಗೇ ಇರಬಾರದಾ?"

"ಮನೆಯೊಳಗೇ ಇದ್ವಿ ಸ್ವಾಮಿ. ಅಲ್ಲೂ ಉಗೀತಿದ್ರು. ಇಲ್ಲಾದ್ರೆ ಪಕ್ಕದಲ್ಲಿ ನಮ್ಮೋರಿರ್ತಾರೆ."

ಮೊದಲ ವರ್ಷ ಬಂದವರು ಬೆರಳೆಣಿಕೆಯಷ್ಟು ಮಂದಿ, ಎಲ್ಲರ ಮುಖಕ್ಕೂ ಮುಸುಕು, ಕೆಲಸ ಹೋದೀತೆಂಬ ಭಯ ಎಂದು ಅವಳು ಒರೆಸುತ್ತಲೇ ಹೇಳಿದಳು. ಆಗಲೂ ಬ್ಯಾಂಡಿನವರನ್ನು ಕರೆದಿದ್ದರು, ಯಾರೂ ಬರಲಿಲ್ಲ. ನೀವು ಇಲ್ಲಿವರೆಗೆ ಬಂದದ್ದೇ ದೊಡ್ಡದು, ಹೋಗಿಬನ್ನಿ ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ.

ಅದೇ ಮೇಷ್ಟ್ರಿಗೆ ಚುಚ್ಚಿತು. ಮೆಟ್ಟಿಲ ಮೇಲಿಂದ ಭಾವಮೈದುನ ಕೈಬೀಸಿ ಕರೆಯುತ್ತಿದ್ದ. ಮೇಷ್ಟ್ರು ಅತ್ತ ನೋಡಿದರು, ಟ್ರಂಪೆಟ್ಟನ್ನು ಬಾಯಿಯ ಹತ್ತಿರ ತಂದರು, ಮತ್ತೆ ಇಳಿಸಿದರು.

"ಏನು ಊದಲಮ್ಮ?"

ಮುದುಕಿ ಕೊಳೆಯಾದ ಶಾಲನ್ನು ಮಡಚಿಕೊಂಡಳು. "ಮದುವೇಲಿ ಊದ್ತೀರಲ್ಲ, ಅದು. ನಮಗೆ ಅದನ್ನ ಯಾರೂ ಊದಿಲ್ಲ."

ಮೇಷ್ಟ್ರು ಸಾಹುಕಾರರ ಅಂಗಡಿಯ ಎದುರೇ ಆ ಮದುವೆ ಟ್ಯೂನನ್ನು ಎತ್ತಿಕೊಂಡರು. ಡ್ರಮ್ಮಿಲ್ಲದೆ ಸ್ವರ ಬೋಳುಬೋಳಾಗಿ ಕೇಳಿಸಿತು. ಇನ್ನೊಂದು ಟೊಮೆಟೊ ಬಂದು ಭುಜಕ್ಕೆ ಬಡಿಯಿತು. ಮೇಷ್ಟ್ರು ಉಸಿರು ಎಳೆದುಕೊಂಡು ಟ್ಯೂನನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.