ದೇವರ ಜಗಲಿಯ ಸಿಗ್ನಲ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿದ್ದ ಷೇರು ದಲ್ಲಾಳಿಯ ಕಚೇರಿ ಬಾಗಿಲು ಹಾಕುತ್ತದೆಂದು ಗೊತ್ತಾದ ದಿನ ರಾಜೇಶ್ರೀಗೆ ನಿಜಕ್ಕೂ ಹೆದರಿಕೆಯಾಯಿತು. ಕಮಲಾಪುರದಿಂದ ದಿನಾ ಬಸ್ಸು ಹತ್ತಿ ಹೋಗಿ, ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು ಅವಳು ಈ ವ್ಯವಹಾರ ಕಲಿತವಳು. ಇನ್ನು ಮನೆಯಿಂದಲೇ ಮಾಡಬೇಕು. ಇಂಟರ್ನೆಟ್ ಕೈಕೊಟ್ಟರೆ ಷೇರಿನ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಊರಿನಲ್ಲಿದ್ದದ್ದು ಎರಡೇ ದಾರಿ: ಕೇಬಲ್ ಖಂಡೆಪ್ಪನ ತಂತಿ, ಇಲ್ಲವೇ ಟವರಿನ ಸಿಗ್ನಲ್ಲನ್ನು ಗಾಳಿಯಲ್ಲೇ ಹಿಡಿಯುವ ಡಬ್ಬಿ. ಎರಡನ್ನೂ ವಾರದ ಮಟ್ಟಿಗೆ ತರಿಸಿ ಪರೀಕ್ಷೆಗೆ ಕೂತಳು. ಗುಂಡಿ ಒತ್ತಿದರೆ ಯಾವುದು ಬೇಗ ಓಗೊಡುತ್ತದೆ, ಯಾವುದು ತಡವರಿಸುತ್ತದೆ? ಮದುವೆ ಸೀರೆ ಆರಿಸುವಾಗಲೂ ಅವಳು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ತಂತಿಯ ಬಗ್ಗೆ ಎರಡು ಮಾತಿಲ್ಲ. ಡಬ್ಬಿಯದೇ ತಕರಾರು. ದಪ್ಪ ಕಲ್ಲುಗೋಡೆಯ ಆ ಮನೆಯಲ್ಲಿ ಎಲ್ಲಿಟ್ಟರೂ ಸಿಗ್ನಲ್ ಹೆಸರಿಗೆ ಮಾತ್ರ. ಮೂಲೆ ಮೂಲೆ ಹುಡುಕಿದಳು ಪಾಪ, ದೇವರ ಕೋಣೆಯೊಂದನ್ನು ಬಿಟ್ಟು. ಟವರು ಇದ್ದದ್ದು ಆ ಕೋಣೆಯ ಕಿಟಕಿಗೆ ಎದುರಾಗಿಯೇ. ಆದರೆ ಅಲ್ಲಿನ ಜಗಲಿ ಅತ್ತೆ ಯಮನಮ್ಮನದು. ಅಲ್ಲಿ ಡಬ್ಬಿ ಇಡುವ ಮಾತೆತ್ತಲು ಸೊಸೆಗೆ ಧೈರ್ಯ ಸಾಲಲಿಲ್ಲ.

"ತಂತೀನೇ ಗಟ್ಟಿ ಅದರೀ ಅತ್ತಿ," ಎಂದಳು.

"ಕರೆಂಟ್ ಹೋದ್ರ?" ಯಮನಮ್ಮ ಕೇಳಿದಳು.

"ನಮ್ಮ ಮನ್ಯಾಗ ಇನ್ವರ್ಟರ್ ಅದಲ್ಲರೀ."

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಮನೆಯ ಫ್ಯಾನು ತಿರುಗುತ್ತಲೇ ಇತ್ತು, ಕಂಪ್ಯೂಟರಿನ ಪರದೆ ಮಾತ್ರ ನಿಂತುಬಿಟ್ಟಿತು. ರಾಜೇಶ್ರೀ ಖಂಡೆಪ್ಪನಿಗೆ ಫೋನು ಹಚ್ಚಿದಳು.

"ಇನ್ವರ್ಟರ್ ನಿಮ್ಮ ಮನ್ಯಾಗ ಅದರೀ ಅಕ್ಕಾರೆ, ನನ್ನ ಮಷೀನಿಗೆ ಎಲ್ಲಿಂದ ಬರಬೇಕು?" ಎಂದನವನು.

ಬೆಳಿಗ್ಗೆ ಕೊಂಡ ಷೇರು ಆಗಲೇ ಇಳಿಯತೊಡಗಿತ್ತು. ಮಾರದಿದ್ದರೆ ಕೆಟ್ಟಳು.

"ಆ ಇನ್ನೊಂದು ಡಬ್ಬಿ ಏನಾತು?" ಯಮನಮ್ಮ ಕೇಳಿದಳು.

"ಅದಕ್ಕ ಟವರ್ ಕಾಣೂ ಜಾಗಾ ಬೇಕ್ರೀ..." ರಾಜೇಶ್ರೀ ದೇವರ ಕೋಣೆಯತ್ತ ನೋಡಿದಳು.

ಯಮನಮ್ಮ ಸೊಸೆಯ ಮುಖ ನೋಡಿದಳು, ಡಬ್ಬಿ ನೋಡಿದಳು. ಆಮೇಲೆ ತಾನೇ ಅದನ್ನೆತ್ತಿಕೊಂಡು ಒಳಗೆ ನಡೆದು, ಕುಂಕುಮದ ಭರಣಿ ಸರಿಸಿ ಜಗಲಿಯ ಮೇಲಿಟ್ಟಳು. ರಾಜೇಶ್ರೀ ಓಡಿಹೋಗಿ ಪ್ಲಗ್ಗು ಚುಚ್ಚಿದಳು. ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಷೇರು ಮಾರಿ ಮುಗಿಸಿದಾಗ ಅವಳ ಕಣ್ಣು ತುಂಬಿ ಬಂದಿತ್ತು.

"ಬರೇ ಗಾಳಿಯಾಗ ಬರ್ತದೇನು ಇದು?" ಯಮನಮ್ಮ ಬಗ್ಗಿ ದೀಪಗಳನ್ನು ನೋಡುತ್ತ ಕೇಳಿದಳು. "ಮೊದಲ ದಿನಾನೇ ಯಾಕ ಕೇಳಲಿಲ್ಲ?"

"ಅಂಜಿದ್ದೆರೀ."

"ಇಲ್ಲೇ ಇರಲಿ. ಆದ್ರ ನಾಳಿಂದ ಜಳಕ ಮಾಡಲಾರದ ಷೇರು ಬಜಾರ ಮುಟ್ಟಬ್ಯಾಡ."