ಅಣ್ಣನ ಕಣ್ಣಿಗೆ ಬಿದ್ದ ತಲೆ

ತನ್ನ ಸಲೂನಿನ ಮೆಟ್ಟಿಲ ಮೇಲೆ ಜಾರಿಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಅಣ್ಣ ಕೊನೆಗೂ ಕಣ್ಣು ತೆರೆದಿದ್ದ. ಆದರೆ ಆ ಕಣ್ಣಿನ ಹಿಂದೆ ಅವನಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಇದ್ದಾನೆ ಎನ್ನುವುದಕ್ಕೆ ಒಂದು ಗುರುತು ಸಿಕ್ಕರೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಮಾತು, ಓಡಾಟ ಮತ್ತೆ ಕಲಿಸುವ ತರಬೇತಿ ವಾರ್ಡು; ಸಿಗದಿದ್ದರೆ ಬರೀ ಆರೈಕೆಗೆಂದು ಮನೆಗೆ. ಅದನ್ನು ತೀರ್ಮಾನಿಸಲು ಡಾಕ್ಟರು ಬಂದರು.

"ಕೈ ಎತ್ತಿ."

ಅಣ್ಣ ಎತ್ತಲಿಲ್ಲ.

"ನಾಲಿಗೆ ತೋರ್ಸಿ."

"ಇವ್ರು ಹೇಳಿದ ಮಾತು ಯಾವತ್ತು ಕೇಳಿದ್ದಾರೆ ಡಾಕ್ಟ್ರೇ?" ಎಂದರು ಅತ್ತಿಗೆ. "ಮದುವೆ ಆದಾಗಿಂದ ಹೀಗೇ. ಇದನ್ನ ಲೆಕ್ಕಕ್ಕೆ ಹಿಡೀಬೇಡಿ."

ಡಾಕ್ಟರು ನಗಲಿಲ್ಲ. ಕೈಗನ್ನಡಿ ತೆಗೆದರು. ಬೇರೇನನ್ನೂ ಹಿಂಬಾಲಿಸದ ಕಣ್ಣು ಕೂಡ ಸ್ವಂತ ಮುಖವನ್ನು ಹಿಂಬಾಲಿಸುವುದುಂಟಂತೆ. ಕನ್ನಡಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅಣ್ಣನ ಕಣ್ಣು ಕದಲಲಿಲ್ಲ. ಅತ್ತಿಗೆ ಮಾತು ನಿಲ್ಲಿಸಿದರು. ನನಗೆ ಭಯವಾದದ್ದು ಆಗಲೇ.

ಆ ಮೌನದಲ್ಲಿ ಒಂದು ವಿಷಯ ಹೊಳೆಯಿತು. ದಿನವಿಡೀ ಕನ್ನಡಿಯೆದುರು ನಿಲ್ಲುವ ಅಣ್ಣ ಅದರಲ್ಲಿ ತನ್ನ ಮುಖ ನೋಡಿಕೊಂಡದ್ದನ್ನು ನಾನು ಕಂಡೇ ಇಲ್ಲ. ಅವನಿಗೆ ಕನ್ನಡಿಯೆಂದರೆ ಕುರ್ಚಿಯಲ್ಲಿ ಕೂತವರ ತಲೆ.

"ಡಾಕ್ಟ್ರೇ, ಅದ್ರಲ್ಲಿ ನಿಮ್ಮ ತಲೆ ತೋರ್ಸಿ ನೋಡೋಣ," ಎಂದೆ.

"ನನ್ನದಾ? ಯಾಕೆ?"

ಅತ್ತಿಗೆಗೆ ತಟ್ಟನೆ ಜೀವ ಬಂತು. "ಯಾವ ಪುಣ್ಯಾತ್ಮ ಕಟಿಂಗ್ ಮಾಡಿದ್ನೋ! ಒಂದು ಸೈಡ್‌ಲಾಕ್ ಕಿವಿ ಹತ್ರ, ಇನ್ನೊಂದು ದವಡೆ ಹತ್ರ. ಇದನ್ನ ಕಂಡೂ ಸುಮ್ನಿದ್ರೆ ಅವ್ರು ಒಳಗಿಲ್ಲ ಅಂತ ನಾನೇ ಒಪ್ಕೋತೀನಿ."

ಡಾಕ್ಟರು ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ದಿಂಬಿನ ಪಕ್ಕ ಮಂಡಿಯೂರಿ, ಗಿರಾಕಿಯಂತೆ ತಲೆ ನೆಟ್ಟಗೆ ಮಾಡಿದರು.

ನಾನು ಕನ್ನಡಿಯನ್ನು ಅಣ್ಣನೆದುರು ಹಿಡಿದೆ. ಅವನ ಕಣ್ಣು ಮೆಲ್ಲಗೆ ಅದರಲ್ಲಿ ಕಂಡ ಡಾಕ್ಟರ ಬಲ ಕಿವಿಗೆ ಬಂತು. ಅಲ್ಲಿ ನಿಂತಿತು. ಅಲ್ಲಿಂದ ಎಡ ಕಿವಿಗೆ. ಮತ್ತೆ ಬಲಕ್ಕೆ. ನಾನು ಕನ್ನಡಿ ಸರಿಸಿದೆ, ಕಣ್ಣೂ ಸರಿಯಿತು. ಹುಬ್ಬಿನ ನಡುವೆ ಸಣ್ಣದೊಂದು ಗೆರೆ ಮೂಡಿತು. ಕೆಟ್ಟ ಕಟಿಂಗ್ ಕಂಡಾಗ ಮೂಡುವ ಗೆರೆ ಅದು.

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡರು.

ಡಾಕ್ಟರು ಎದ್ದು ಮಂಡಿ ಕೊಡವಿಕೊಂಡರು. "ಒಂದ್ಸಲ ಸಾಲ್ದು. ನಾಳೇನೂ ಹೀಗೇ ನೋಡಿದ್ರೆ ಮೇಲಿನ ವಾರ್ಡಿಗೆ ಕಳಿಸ್ತೀನಿ."

"ಹಾಗಾದ್ರೆ ನಾಳೆವರೆಗೂ ಆ ತಲೆಗೆ ಯಾರೂ ಕತ್ತರಿ ತಾಗಿಸ್ಬಾರ್ದು," ಎಂದು ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. "ಆಣೆ ಮಾಡಿ ಹೋಗಿ."

ಡಾಕ್ಟರು ಕೆನ್ನೆ ಸವರಿಕೊಂಡು ನನ್ನತ್ತ ತಿರುಗಿದರು. "ಅಷ್ಟೊಂದು ಕೆಟ್ಟದಾಗಿದೆಯೇನ್ರೀ?"

ನಾನು ಅಣ್ಣನತ್ತ ಬೆರಳು ತೋರಿದೆ. ಕನ್ನಡಿ ಕೆಳಗಿಟ್ಟ ಮೇಲೂ ಅಣ್ಣ ಅವರನ್ನೇ ನೋಡುತ್ತಿದ್ದ.