ಕಟ್ಟು ಹಾಕಿಸಿದ ರಿಪೋರ್ಟು

ಉಣ್ಣಿ ಕಚ್ಚಿದ ನಾಲ್ಕನೇ ದಿನ ತಮ್ಮ ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದ. ಉಣ್ಣಿಯಿಂದ ಹರಡಿ ಕೀಲು ಹಿಡಿಯುವ ಲೈಮ್ ಕಾಯಿಲೆ ಇಲ್ಲ ಅಂತ ಬಂದ ಆ ರಿಪೋರ್ಟಿಗೆ ಅಣ್ಣ ಗಾಜಿನ ಕಟ್ಟು ಹಾಕಿಸಿ ಮರದ ಮಿಲ್ಲಿನ ಗೋಡೆಗೆ ನೇತುಹಾಕಿದ. ತಮ್ಮ ನೋವಿಗೆ ಮಂಡಿ ಹಿಡಿದು ಕೂತಾಗಲೆಲ್ಲ ಅದನ್ನೇ ತೋರಿಸಿ, "ಕಳ್ಳಾಟ ಆಡ್ತೀಯೇನೋ?" ಅಂತ ಮೆಷಿನ್ನಿನ ಬೆಲ್ಟಿನಲ್ಲಿ ಬಾರಿಸುತ್ತಿದ್ದ.

ಎರಡು ತಿಂಗಳು ಬಾಸುಂಡೆ ತಿಂದ ಮೇಲೆ ಈ ಕಾಯಿಲೆ ಬಲ್ಲ ಡಾಕ್ಟರಮ್ಮನನ್ನು ತಮ್ಮ ಹುಡುಕಿಕೊಂಡು ಹೋದ. ಆಕೆ ಹಳೇ ಪರೀಕ್ಷೆಯ ತಾರೀಖು ಕೇಳಿಯೇ ಹಣೆ ಚಚ್ಚಿಕೊಂಡಳು.

"ಕಚ್ಚಿದ ನಾಲ್ಕೇ ದಿನಕ್ಕೆ ರಕ್ತದಲ್ಲಿ ಏನು ಕಾಣುತ್ತಪ್ಪ? ವಾರಗಟ್ಟಲೆ ಬೇಕು. ಚರ್ಮದ ಮೇಲೆ ಕೆಂಪು ಬಳೆ ಥರ ಎದ್ದಿತ್ತಾ? ಎದ್ದ ದಿನವೇ ಔಷಧಿ ಶುರು ಮಾಡಬೇಕಿತ್ತು."

ಎದ್ದಿತ್ತು. ಹೊಸ ಪರೀಕ್ಷೆಯಲ್ಲಿ ಕಾಯಿಲೆಯೂ ಸಿಕ್ಕಿತು.

ಮಾತ್ರೆ ಜೇಬಿಗಿಳಿಸಿ ತಮ್ಮ ನೇರ ಮಿಲ್ಲಿಗೆ ಬಂದು ಗೋಡೆಯ ರಿಪೋರ್ಟಿಗೆ ಕೊಡಲಿ ಬೀಸಿದ. ಗಾಜು ಪುಡಿಪುಡಿಯಾಗಿ ಕಟ್ಟು ನೆಲಕ್ಕೆ ಬಿತ್ತು, ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು. ಬೆಲ್ಟು ಎತ್ತಿದ ಅಣ್ಣನ ಕೈ ತಿರುಚಿ, ಅವನನ್ನು ಗೋಡೆಗೆ ಅಪ್ಪಳಿಸಿ, ಮತ್ತೆ ಕೊಡಲಿ ಎತ್ತಿದ. ಆಗ ಕಂಡಿತು: ಅಣ್ಣನ ತೋಳಿನ ಮೇಲೆ ಅಗಲವಾದ ಕೆಂಪು ಬಳೆ.

"ಹೋದ ವಾರ ಉಣ್ಣಿ ಕಚ್ಚಿತ್ತು ಕಣೋ," ಅಣ್ಣ ಏದುಸಿರು ಬಿಟ್ಟ. "ಮಾರನೇ ದಿನವೇ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲವಂತೆ."

ತಮ್ಮ ಕೊಡಲಿ ಕೆಳಗಿಳಿಸಿದ.

"ಅದಕ್ಕೂ ಕಟ್ಟು ಹಾಕಿಸಣ್ಣ," ಅಂದ. "ಮೊಳೆ ಹೇಗೂ ಖಾಲಿ ಇದೆ."